ಕನ್ನಡಿಯ ಸುತ್ತ ಒಂದು ಕರಿ ಕಾಗದ

ಹೋದ ತಿಂಗಳು ಜಹೀರಾಬಾದಿನಲ್ಲಿ ನನ್ನ ಕಿವಿಯೋಲೆಯ ತಿರುಪು ಸರಿಮಾಡಿಸಲು ಅಕ್ಕಸಾಲಿಗರ ಅಂಗಡಿಯಲ್ಲಿ ಕೂತಿದ್ದೆ. ಓಲೆ ಅಲುಗಾಡದಂತೆ ಹಿಡಿದಿಡಲು ಅವರು ಒಂದು ಮರದ ತುಂಡಿನ ಮೇಲೆ ರಾಳ ಬೆರೆಸಿದ ಅರಗನ್ನು ಕಾಯಿಸಿದರು. ತೆಳ್ಳಗೆ ಹೊಗೆ ಎದ್ದಿತು. ಸ್ವಲ್ಪ ಊದಿನಕಡ್ಡಿಯ ಹಾಗೆ, ಸ್ವಲ್ಪ ಡಾಂಬರಿನ ಹಾಗೆ, ಗಂಟಲಿಗೆ ಅಂಟಿಕೊಳ್ಳುವ ವಾಸನೆ... "ಹೊಗಿ ಬಡೀತೇನ್ರಿ ಅಕ್ಕಾ?" ಎಂದು ಅವರು ಕೇಳಿದರು. ಹೌದೆಂದು ತಲೆಯಾಡಿಸಿದೆ. ಕಣ್ಣು ಒದ್ದೆಯಾಗಿದ್ದಕ್ಕೆ ಅಷ್ಟೊಂದು ಸುಲಭವಾದ ಕಾರಣ ಸಿಕ್ಕಿದ್ದು ಒಳ್ಳೆಯದೇ ಆಯಿತು.

ಅದು ತಾಂಡೂರಿನ ನಮ್ಮ ಬಾಜೂಮನೆಯ ಅಡುಗೆಕೋಣೆಯ ವಾಸನೆ. ಇಪ್ಪತ್ತು ವರ್ಷದ ಮೇಲಾಯಿತು. ಆ ಮನೆಯಲ್ಲಿ ಒಬ್ಬ ಮೇಡಂ ಬಾಡಿಗೆಗಿದ್ದರು. ಜೂನಿಯರ್ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದರು. ಚಹಾ ಕುದಿಸುವ ಪಾತ್ರೆಯಲ್ಲೇ ರಾಳ, ಜೇನುಮೇಣ, ಚೂರು ಡಾಂಬರು ಹಾಕಿ ಕರಗಿಸುತ್ತಿದ್ದರು. ಆಮೇಲೆ ಎಷ್ಟು ತಿಕ್ಕಿದರೂ ಅವರ ಮನೆಯ ಚಹಾ ರಸ್ತೆ ಕೆಲಸ ನಡೆಯುವಲ್ಲಿ ಕೂತು ಕುಡಿದಂತೆಯೇ ಇರುತ್ತಿತ್ತು. ಹಾಗಂತ ಅವರಿಗೇ ಹೇಳಿದೆ. "ಕುಡಿ, ಏನೂ ಆಗಂಗಿಲ್ಲ. ನಾನು ಬದುಕಿಲ್ಲೇನು?" ಅಂದರು.

ನಾರಾಯಣಖೇಡದ ಆಚೆ, ನಾಗಲಗಿದ್ದದ ಕಡೆಯ ಹಳ್ಳಿ ಅವರದು. ಕೂಲಿ ಮಾಡಿ ಮಕ್ಕಳನ್ನು ಓದಿಸಿದ ಬೌದ್ಧ ಮನೆತನ. ಮುಂದಿನ ಕೋಣೆಯಲ್ಲಿ ಬುದ್ಧನ ಒಂದು ಚಿತ್ರ, ಅದರ ಕೆಳಗೆ ಸ್ಟೂಲಿನ ಮೇಲೆ ಪುಸ್ತಕಗಳು, ಅಷ್ಟೇ ಸಿಂಗಾರ. ಮನೆಯಲ್ಲಿ ಕನ್ನಡ, ಕ್ಲಾಸಿನಲ್ಲಿ ತೆಲುಗು, ತರಕಾರಿ ಕೊಳ್ಳುವಾಗ ಉರ್ದು. ಸಿಟ್ಟು ಬಂದರೆ ಮೂರೂ ಸೇರುತ್ತಿದ್ದವು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರನ್ನು ಅವರು ಎಷ್ಟು ಹೊತ್ತು ನೋಡುತ್ತಿದ್ದರೆಂದರೆ, ಕೇಳಿದವರೇ ತಮ್ಮ ಮದುವೆಯ ಬಗ್ಗೆ ಯೋಚನೆಗೆ ಬೀಳುತ್ತಿದ್ದರು.

ನಾನಾಗ ಬಿ.ಕಾಂ. ಕೊನೆಯ ವರ್ಷ. ಫಿಜಿಕ್ಸಿಗೂ ನನಗೂ ಹತ್ತನೇ ತರಗತಿಯಲ್ಲೇ ಸಂಬಂಧ ಕಡಿದಿತ್ತು. ಆದರೆ ಕಂಡದ್ದನ್ನೆಲ್ಲ ಯಾಕೆ, ಹೇಗೆ ಎಂದು ಕೇಳುವ ಚಟ ಒಂದಿತ್ತು. ಒಂದು ಸಂಜೆ ಮಾಳಿಗೆಯ ಮೇಲೆ ಬಟ್ಟೆ ತೆಗೆಯುವಾಗ, ಗೋಡೆಯಾಚೆ ಆಕಾಶ ನೋಡುತ್ತ ನಿಂತಿದ್ದ ಮೇಡಂ ಅವರನ್ನು ಏನು ನೋಡುತ್ತೀರೆಂದು ಕೇಳಿದೆ. ಪೂರ್ವದಲ್ಲಿ ಮಿಣುಕದೆ ಹೊಳೆಯುತ್ತಿದ್ದ ಒಂದು ಹಳದಿ ಚುಕ್ಕೆ ತೋರಿಸಿದರು. ಶನಿ.

"ವರ್ಷಾ ವರ್ಷಾ ಬೋರ್ಡಿನ ಮ್ಯಾಲೆ ಇವನ ಸುತ್ತಿನ ಬಳಿ ಬರದೀನಿ, ತಂಗಿ. ಬಳಿ ನಡುವ ಒಂದು ಕರಿ ಗೆರಿ ಇರ್ತದ. ಅಲ್ಲಿ ಸುಣ್ಣದಕಡ್ಡಿ ಎತ್ತಿ, ಜಾಗಾ ಬಿಟ್ಟು, ಮತ್ತ ಬರೀತೀನಿ. ಹುಡುಗರು ಕೇಳ್ತಾರ, ನೀವು ನೋಡೀರೇನ್ರಿ ಮೇಡಂ ಅಂತ. ಏನು ಹೇಳ್ಲಿ?"

ಅವರು ಆ ಕರಿ ಗೆರೆಯನ್ನು ಒಮ್ಮೆಯೂ ನೋಡಿರಲಿಲ್ಲ. ದುರ್ಬೀನಿಗೆ ಕಣ್ಣಿಟ್ಟಿರಲಿಲ್ಲ. ನೋಡದೆ ಕಲಿಸಿದ್ದು ಅವರಿಗೆ ಚುಚ್ಚುತ್ತಿತ್ತು. ಅಂಗಡಿಯ ದುರ್ಬೀನು ತರಿಸಬಹುದಿತ್ತಲ್ಲ ಎಂದರೆ, ಕಲಿಸಿದ್ದನ್ನು ಕೈಯಾರೆ ಮಾಡಿಯೇ ನೋಡಬೇಕು ಎನ್ನುವ ಹಟ. ದುರ್ಬೀನಿನೊಳಗೆ ಬೆಳಕು ಕೂಡಿಸುವ ಕನ್ನಡಿಯನ್ನು ತಾವೇ ಉಜ್ಜಿ ಮಾಡುತ್ತಾರಂತೆ. ಬೇಸಿಗೆಯಲ್ಲಿ ವರ್ಗಾವಣೆ ಆಗುವ ಸುದ್ದಿಯಿತ್ತು. ಅದೇ ಬೇಸಿಗೆಗೆ ಶನಿಯೂ ಪಶ್ಚಿಮಕ್ಕೆ ಇಳಿದುಬಿಡುತ್ತಿದ್ದ. ಅಷ್ಟರೊಳಗೆ ಆ ಗೆರೆ ಕಾಣಬೇಕು.

ಉಜ್ಜುವ ವಿಷಯಕ್ಕೆ ತಾಂಡೂರಿಗಿಂತ ಬೇರೆ ಊರು ಬೇಕೆ? ನಮ್ಮ ಅಪ್ಪನದೇ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಯೂನಿಟ್ ಇತ್ತು. ಹಗಲೆಲ್ಲ ಮಷೀನಿನ ಸದ್ದು, ನೆಲದ ತುಂಬ ಬೂದಿಬಣ್ಣದ ಕಲ್ಲಿನ ಕೆಸರು. ಮೇಡಂ ಕೇಳಿದ್ದೇ ತಡ, ಒರಟಿನಿಂದ ನುಣುಪಿನವರೆಗೆ ಬೇರೆ ಬೇರೆ ಸಾಣೆಪುಡಿಗಳನ್ನು ಅಪ್ಪ ಪೊಟ್ಟಣ ಕಟ್ಟಿ ಕೊಟ್ಟ. ಗಾಜು ತಿಕ್ಕಲು ಕೆಳಗಿಡುವುದಕ್ಕೆ ಗುಂಡಗೆ ಒಂದು ಫರಸಿಯನ್ನೂ ಕತ್ತರಿಸಿಕೊಟ್ಟ. ಗಾಜಿನ ಮುಂದೆ ನಮ್ಮ ಕಲ್ಲು ಮೆತ್ತಗೆ. ಎರಡೇ ದಿನಕ್ಕೆ ಸವೆದು ಹಪ್ಪಳವಾಯಿತು. ಆಮೇಲೆ ಕೆಳಗೂ ದಪ್ಪ ಗಾಜೇ ಬಂತು.

ನಮ್ಮ ಹಿತ್ತಲಲ್ಲಿ ಎಣ್ಣೆಯ ಖಾಲಿ ಡ್ರಮ್ಮು ಬೋರಲು ಹಾಕಿ, ಅದರ ಮೇಲೆ ಒಂದು ಗಾಜು ಕೂರಿಸಿ, ಪುಡಿ ಮತ್ತು ನೀರು ಹಾಕಿ, ಇನ್ನೊಂದು ಗಾಜನ್ನು ಮೇಲಿಟ್ಟು ಹಿಂದೆ ಮುಂದೆ ತಿಕ್ಕುವುದು. ನಾಲ್ಕು ಸಲ ತಿಕ್ಕಿ ಒಂದು ಹೆಜ್ಜೆ ಸುತ್ತ ಸರಿಯುವುದು. ನಾನೂ ಅವರೂ ಸರದಿಯ ಮೇಲೆ ಸುತ್ತುತ್ತಿದ್ದೆವು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. "ಇಷ್ಟು ಸುತ್ತು ಗುಡಿಗಿ ಹಾಕಿದ್ರ ಪುಣ್ಯನಾರ ಬರ್ತಿತ್ತು," ಅನ್ನುವಳು. ಶನಿಯನ್ನು ನೋಡಲಿಕ್ಕೆ ಇದೆಲ್ಲ ಎಂದು ತಿಳಿದ ದಿನವಂತೂ ಎದೆ ಹಿಡಿದುಕೊಂಡಳು. "ಅವ ನಮ್ಮನ್ನ ನೋಡಬಾರದಂತ ಮಂದಿ ಎಣ್ಣಿ ಏರಸ್ತಾರ. ನೀವು ಅವನ್ನ ಹುಡಕ್ಕೊಂಡು ಹೊಂಟೀರಿ."

ನನಗೆ ಅಚ್ಚರಿಯಾದದ್ದು ಬೇರೆಯೇ. ಎರಡೂ ಚಪ್ಪಟೆ ಗಾಜು. ಯಾರೂ ಯಾವ ಅಚ್ಚಿಗೂ ಹಾಕಿಲ್ಲ. ಬರೀ ಒಂದರ ಮೇಲೊಂದು ತಿಕ್ಕಿದರೆ ಮೇಲಿನದು ತಾನಾಗಿಯೇ ಬೋಗುಣಿಯಂತೆ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಯಾಕೆ? ಮೇಲಿನ ಗಾಜು ಅಂಚು ದಾಟಿ ಜೋತುಬಿದ್ದಾಗ ಅದರ ಭಾರವೆಲ್ಲ ಕೆಳಗಿನದರ ಅಂಚಿನ ಮೇಲೆ, ತನ್ನ ನಡುಭಾಗದ ಮೇಲೆ ಬೀಳುತ್ತದೆ. ಅಲ್ಲೇ ಹೆಚ್ಚು ಸವೆತ. ಎರಡು ಮೈಗಳು ಎತ್ತ ತಿರುಗಿಸಿದರೂ ಒಂದನ್ನೊಂದು ಮುಟ್ಟಿಕೊಂಡೇ ಇರಬೇಕೆಂದರೆ ಗೋಳದ ಆಕಾರಕ್ಕೆ ಬರದೆ ಬೇರೆ ದಾರಿಯಿಲ್ಲ. ಇದನ್ನು ಅವರು ಹೇಳುವಾಗ, ಕೈಯೊಳಗೆ ಅದೇ ಆಗುತ್ತಿರುವುದು ನನಗೆ ತಿಳಿಯುತ್ತಿತ್ತು. ಸದ್ದು ಸಹ ಬದಲಾಗುತ್ತಿತ್ತು. ಮೊದಲು ಕರಕರ, ಆಮೇಲೆ ಸುಂಯ್.

ಅಪ್ಪ ಒಂದು ಸಂಜೆ ಬಂದು ಕನ್ನಡಿಯ ಮೇಲೆ ತಂಬಿಗೆಯಿಂದ ಚೂರು ನೀರು ಸುರಿದ. ನಮ್ಮಲ್ಲಿ ಫರಸಿಯನ್ನು ಪರೀಕ್ಷಿಸುವ ಬಗೆ ಅದು. ನೀರು ಒಂದೇ ಸಮ ಹರಿದು ಹೋದರೆ ಕಲ್ಲು ಪಾಸು. ಎಲ್ಲಾದರೂ ನಿಂತರೆ ತಗ್ಗಿದೆ ಎಂದರ್ಥ. ಇಲ್ಲಿ ನೀರು ನಡುವೆ ಬಂದು ದುಂಡಗೆ ಕೂತಿತು. "ನೀರು ನಿಂತವಲ್ಲರಿ ಮೇಡಂ. ನಮ್ಮಲ್ಲಾದ್ರ ಇದು ರಿಜೆಕ್ಟ್ ಮಾಲು," ಅಂದ. "ನಿಂದ್ರಲಿ ಅಣ್ಣಾರ. ನೀರು ನಿಂತಂಗ ಬೆಳಕೂ ಒಂದ ಕಡಿ ಕೂಡಬೇಕು, ಅದಕ್ಕ ಈ ತಗ್ಗು," ಎಂದು ಮೇಡಂ ನಕ್ಕರು. ಅಪ್ಪನಿಗೆ ತಗ್ಗು ತೆಗೆಯುವುದೊಂದೇ ಗೊತ್ತಿತ್ತು, ತಗ್ಗು ಮಾಡುವುದು ಹೊಸದು. ಅಂದಿನಿಂದ ಅವನಿಗೂ ಈ ಹುಚ್ಚು ಹಿಡಿಯಿತು.

ಒಮ್ಮೆ ಊಟಕ್ಕೆ ಕೂತಾಗ ನಾನು ಕೇಳಿದೆ: ಕನ್ನಡಿ ಇಷ್ಟು ದೊಡ್ಡದು ಯಾಕೆ ಬೇಕು, ಸಣ್ಣದಾದರೆ ಬೇಗ ಮುಗಿಯುವುದಿಲ್ಲವೇ? ಮೇಡಂ ತಟ್ಟೆಯಲ್ಲಿದ್ದ ಜೋಳದ ರೊಟ್ಟಿಯ ಅಂಚನ್ನು ಹೆಬ್ಬೆರಳಗಲ ಸುತ್ತಲೂ ಮುರಿದು ಒಂದು ಕಡೆ ಗುಡ್ಡೆ ಹಾಕಿದರು. ಉಳಿದ ನಡುವಿನ ರೊಟ್ಟಿ ಇನ್ನೊಂದು ಕಡೆ. ನೋಡಿದರೆ ಎರಡೂ ಹತ್ತಿರ ಹತ್ತಿರ ಸಮ. ನನಗೆ ನಂಬಿಕೆಯೇ ಬರಲಿಲ್ಲ, ಸಣ್ಣ ಅಂಚು, ಅದರಲ್ಲಿ ಅರ್ಧ ರೊಟ್ಟಿ. "ಅಂಚಿನ್ಯಾಗ ಭಾಳ ಬೆಳಕು ಇರ್ತದ, ತಂಗಿ. ಸಣ್ಣ ಗೆರಿ ಬಿಡಿಸಿ ಕಾಣಬೇಕಂದ್ರ ಅಗಲ ಬೇಕು. ಕನ್ನಡಿ ಸಣ್ಣದಾದಷ್ಟೂ ಗೆರಿ ಕಲಸಿ ಹೋಗ್ತದ." ಹೇಳಿ ಮುಗಿಸಿ ಅಂಚಿನ ಗುಡ್ಡೆಯನ್ನು ನನ್ನ ತಟ್ಟೆಗೆ ಹಾಕಿ, ಪುಂಡಿಪಲ್ಯೆ ಬಡಿಸಿದರು.

ಸಾಣೆಪುಡಿಯ ಕೆಲಸ ಮುಗಿದ ಮೇಲೆ ಬಂದದ್ದು ಆ ರಾಳದ ವಾಸನೆಯ ದಿನಗಳು. ಕರಗಿಸಿದ ರಾಳವನ್ನು ಕೆಳಗಿನ ಗಾಜಿನ ಮೇಲೆ ಹೊಯ್ದು, ಆರುವ ಮುಂಚೆ ಚೌಕ ಚೌಕ ಗೆರೆ ಕೊರೆದು, ಅದರ ಮೇಲೆ ಕೆಂಪು ಪಾಲಿಶ್ ಪುಡಿ ಹಚ್ಚಿ ಕನ್ನಡಿಯನ್ನು ಉಜ್ಜುವುದು. ರಾಳ ಒಂದು ವಿಚಿತ್ರ ವಸ್ತು. ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಸಿಡಿಯುತ್ತದೆ. ಸುಮ್ಮನೆ ಭಾರ ಹೊರಿಸಿಟ್ಟರೆ ಬೆಲ್ಲದ ಪಾಕದ ಹಾಗೆ ನಿಧಾನಕ್ಕೆ ಹರಿದು ಕನ್ನಡಿಯ ಮೈಗೆ ಒಗ್ಗಿಕೊಳ್ಳುತ್ತದೆ. ಹಾಗಾದರೆ ಇದು ಗಟ್ಟಿಯೋ ನೀರೋ ಎಂದು ಕೇಳಿದ್ದೆ. ಎಷ್ಟು ಅವಸರ ಮಾಡುತ್ತೀಯೋ ಅದರ ಮೇಲೆ ಹೋಗುತ್ತದೆ ಎಂದು ನಕ್ಕಿದ್ದರು. ಈಗಲೂ ಆ ಉತ್ತರ ನನಗೆ ಒಮ್ಮೊಮ್ಮೆ ಮನುಷ್ಯರ ವಿಷಯದಲ್ಲೂ ನೆನಪಾಗುತ್ತದೆ.

ಕನ್ನಡಿಯ ಮೈ ನೋಡುವ ಪರೀಕ್ಷೆ ಮಾತ್ರ ನಾನು ಜೀವಮಾನದಲ್ಲಿ ಮರೆಯಲಾರೆ. ಅವರ ಕೋಣೆಯ ಆ ತುದಿಯಲ್ಲಿ ಕನ್ನಡಿ ನಿಲ್ಲಿಸುವುದು. ಈ ತುದಿಯಲ್ಲಿ ಒಂದು ದೀಪ, ಅದರ ಮೇಲೆ ಡಬ್ಬಿ, ಡಬ್ಬಿಗೆ ಸೂಜಿಯಿಂದ ಒಂದು ತೂತು. ತೂತಿನ ಬೆಳಕು ಕನ್ನಡಿಗೆ ಹೋಗಿ ತಿರುಗಿ ಬಂದು ದೀಪದ ಪಕ್ಕದಲ್ಲೇ ಒಂದು ಚುಕ್ಕೆಯಾಗಿ ಕೂಡುತ್ತದೆ. ಅಲ್ಲಿ ಕಣ್ಣಿಟ್ಟು, ಆ ಚುಕ್ಕೆಯನ್ನು ಒಂದು ಬ್ಲೇಡಿನಿಂದ ಮೆಲ್ಲಗೆ ಕತ್ತರಿಸುತ್ತ ಬಂದರೆ, ಕನ್ನಡಿಯ ಮೇಲಿನ ತಗ್ಗು ದಿನ್ನೆಗಳು ಸಂಜೆ ಬಿಸಿಲಿನ ಹೊಲದ ಹಾಗೆ ನೆರಳು ಬೆಳಕಾಗಿ ಕಾಣುತ್ತವೆ. ಒಂದು ಕೂದಲನ್ನು ಸಾವಿರ ಎಳೆಯಾಗಿ ಸೀಳಿದರೆ ಒಂದು ಎಳೆ ಎಷ್ಟಾದೀತೋ ಅಷ್ಟು ಸಣ್ಣ ದಿನ್ನೆಯೂ ಕಾಣುತ್ತದಂತೆ. ಅಪ್ಪ ನಂಬಲಿಲ್ಲ. "ಹೋಗಿ ಕನ್ನಡಿ ಮ್ಯಾಲ ಹೆಬ್ಬಟ್ಟು ಒತ್ತಿ ಬರ್ರಿ ಅಣ್ಣಾರ," ಅಂದರು ಮೇಡಂ. ಅಪ್ಪ ಒತ್ತಿ ಬಂದ. ಕಣ್ಣಿಟ್ಟು ನೋಡಿದರೆ ಅವನ ಬೆರಳಿದ್ದ ಜಾಗದಲ್ಲಿ ಒಂದು ಗುಡ್ಡ ಎದ್ದಿತ್ತು. ಮೈಯ ಬಿಸಿಗೆ ಗಾಜು ಉಬ್ಬಿತ್ತು. ನಾವು ನೋಡುತ್ತಿದ್ದಂತೆ ಗುಡ್ಡ ಮೆಲ್ಲಗೆ ಕರಗಿ ಮಾಯವಾಯಿತು. ಅಪ್ಪ ತನ್ನ ಹೆಬ್ಬೆರಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡ.

ಕನ್ನಡಿ ಪಾಸಾಯಿತು. ಬ್ಲೇಡು ಸರಿದಂತೆ ಇಡೀ ಮೈ ಒಂದೇ ಸಮ ಬೂದಿಯಾಗಿ ಕಂತುತ್ತಿತ್ತು. ದಿನ್ನೆಯಿಲ್ಲ, ತಗ್ಗಿಲ್ಲ. ಮೇಡಂ ನನ್ನ ಕೈ ಹಿಡಿದು ಆಡಿಸಿದರು. ಇನ್ನು ಹೈದರಾಬಾದಿಗೆ ಕಳಿಸಿ ಅಲ್ಯೂಮಿನಿಯಂ ಲೇಪ ಹಾಕಿಸಿದರೆ ಮುಗಿಯಿತು. ಅಷ್ಟರಲ್ಲಿ ಕಾಲೇಜಿನ ಕೆಲಸಕ್ಕೆ ಅವರು ಎರಡು ದಿನ ಪರವೂರಿಗೆ ಹೋಗಬೇಕಾಗಿ ಬಂತು. ಕನ್ನಡಿಯನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ನಮ್ಮ ಮನೆಯಲ್ಲಿಟ್ಟು ಹೋದರು.

ಈಗ ನಮ್ಮ ಊರಿನ ಒಂದು ಪದ್ಧತಿ ಹೇಳಬೇಕು. ತಾಂಡೂರಿನ ಯಾವುದೇ ಮನೆಗೆ ಹೋಗಿ, ಮೆಟ್ಟಿಲು, ಹೊಸ್ತಿಲು, ಕಟ್ಟೆ ಎಲ್ಲದರ ಅಂಚು ದುಂಡಗಿರುತ್ತದೆ. ಚೂಪು ಅಂಚಿನ ಕಲ್ಲನ್ನು ಮನೆಗೆ ಕೊಡುವುದು ನಮ್ಮ ಅಪ್ಪನಂಥವರಿಗೆ ಅವಮಾನ. ಮಕ್ಕಳು ಎಡವುತ್ತಾರೆ, ಮುದುಕರ ಕಾಲು ತರಚುತ್ತದೆ. ಅದಕ್ಕೆ ಅಂಚು ಹೊಡೆಯುವುದು ಕೊನೆಯ ಕೆಲಸ, ಅದನ್ನು ಅಪ್ಪ ಆಳುಗಳಿಗೆ ಬಿಡುತ್ತಿರಲಿಲ್ಲ. ತಾನೇ ಮಾಡುತ್ತಿದ್ದ. ನಮ್ಮ ಕನ್ನಡಿಯ ಅಂಚಾದರೋ ತಿಕ್ಕಿ ತಿಕ್ಕಿ ಬ್ಲೇಡಿನಂತಾಗಿತ್ತು. ಅದು ತಾಗಿ ನನ್ನ ಅಂಗೈ ಕೊಯ್ದಿತ್ತು, ಪಟ್ಟಿ ಕಟ್ಟಿಕೊಂಡಿದ್ದೆ. ಅಪ್ಪ ಆ ಪಟ್ಟಿ ನೋಡಿದ್ದ.

ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಅವನು ಕನ್ನಡಿಯನ್ನು ಯೂನಿಟ್ಟಿಗೆ ಒಯ್ದು, ನಮದಾ, ಅಂದರೆ ಉಣ್ಣೆಯ ದಪ್ಪ ಬಟ್ಟೆ, ಸುತ್ತಿದ ಮೆತ್ತನೆಯ ಗಾಲಿಯಿಂದ ಅದರ ಅಂಚನ್ನು ಸುತ್ತಲೂ ದುಂಡಗೆ ಮಾಡಿ, ಹೆಬ್ಬೆರಳಗಲ ಒಳಗಿನವರೆಗೂ ಪಾಲಿಶ್ ಕೊಟ್ಟು ತಂದಿದ್ದ. ನಿಜ ಹೇಳುತ್ತೇನೆ, ಬಹಳ ಚೆಂದ ಕಾಣುತ್ತಿತ್ತು. ನಾನೂ ಬೆರಳಾಡಿಸಿ ಮೆಚ್ಚಿದೆ.

ಮೇಡಂ ಬಂದರು. ಅಪ್ಪ ಬಟ್ಟೆ ಬಿಚ್ಚಿ, ಮಗಳ ಬಾಣಂತನ ಮಾಡಿದವರು ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟ. "ಕೈ ಕೊಯ್ತಿತ್ತರಿ. ಸ್ವಲ್ಪ ಅಂಚು ಹೊಡದೀನಿ." ಅವರು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಸುಮಾರು ಹೊತ್ತು ಹಿಡಿದೇ ಇದ್ದರು. ಆಮೇಲೆ, "ಭಾಳ ಚೊಲೊ ಆಗ್ಯದ ಅಣ್ಣಾರ," ಅಂದರು. ಆ ಸಂಜೆ ಅವರ ಕೋಣೆಯಲ್ಲಿ ಡಬ್ಬಿಯ ದೀಪ ಹತ್ತಿದ್ದು ಬಾಗಿಲ ಸಂದಿನಿಂದ ಕಂಡಿತು. ಪರೀಕ್ಷೆಗೆ ನನ್ನನ್ನು ಕರೆಯದೆ ಇದ್ದದ್ದು ಅದೇ ಮೊದಲು. ದಣಿದು ಬಂದಿದ್ದಾರೆ, ಇರಲಿ ಎಂದುಕೊಂಡೆ...

ಮರುದಿನವೇ ಕನ್ನಡಿ ಹೈದರಾಬಾದಿಗೆ ಹೋಯಿತು. ಬೆಳ್ಳಿಯಂತೆ ಹೊಳೆಯುತ್ತ ತಿರುಗಿ ಬಂತು. ಬಡಗಿಯಿಂದ ಮಾಡಿಸಿದ್ದ ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಅದನ್ನು ಕೂರಿಸುವ ಹೊತ್ತಿಗೆ ಕನ್ನಡಿಯ ಸುತ್ತ ಒಂದು ಕರಿ ಕಾಗದದ ಬಳೆ ಅಂಟಿಸಿದ್ದರು. ಹೆಬ್ಬೆರಳಗಲ. ಇದೇನೆಂದು ನಾನು ಕೇಳದೆ ಬಿಡುವವಳೇ?

"ಎಲ್ಲಾ ದುರ್ಬೀನಿಗೂ ಇರ್ತದ, ತಂಗಿ," ಅಂದರು. ಅಪ್ಪ ಅಲ್ಲೇ ಪೆಟ್ಟಿಗೆಯ ಮೊಳೆ ಬಿಗಿಯುತ್ತಿದ್ದ. ರೊಟ್ಟಿಯ ಅಂಚು ನನಗೆ ನೆನಪಾಗದೆ ಇರಲಿಲ್ಲ. ಅಷ್ಟು ಬೆಳಕು ಬೇಕೆಂದವರು ಯಾಕೆ ಮುಚ್ಚಿದರು? ಮತ್ತೆ ಕೇಳಿದೆ. ಅವರು ನನಗೆ ಸ್ಕ್ರೂಡ್ರೈವರ್ ತರಲು ಹೇಳಿದರು.

ಮಾಳಿಗೆಯ ಫರಸಿಗಳು ಹಗಲೆಲ್ಲ ಕಾದು ಸಂಜೆಗೆ ಬಿಸಿ ಉಗುಳುತ್ತಿದ್ದವು. ಆ ಬಿಸಿಗಾಳಿ ಎದ್ದರೆ ಆಕಾಶದ ಚಿತ್ರ ಒಲೆಯಾಚೆಯ ಗೋಡೆಯಂತೆ ಅಲುಗುತ್ತದೆಂದು, ನಾವು ಕೊಡಗಟ್ಟಲೆ ನೀರು ಹೊತ್ತು ಮಾಳಿಗೆ ತಣಿಸಿದೆವು. ಕರಣಕೋಟದ ಕಡೆ ಆಕಾಶ ಇನ್ನೂ ಕೆಂಪಿತ್ತು. ದೀಪ ಹಚ್ಚುವ ಹೊತ್ತಿಗೆ ಶನಿ ನೆತ್ತಿಗೆ ಹತ್ತಿರವಿದ್ದ. ಮೊದಲು ಮೇಡಂ ಕಣ್ಣಿಟ್ಟರು. ನಾವು ಕಾದೆವು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಆಮೇಲೆ ನಾನು ನೋಡಿದೆ. ಪುಸ್ತಕದ ಚಿತ್ರದಷ್ಟು ದೊಡ್ಡದೇನಲ್ಲ, ಒಂದು ಜೋಳದ ಕಾಳಿನಷ್ಟು. ಆದರೆ ಸುತ್ತಲೂ ಬಳೆ ಇತ್ತು. ಏನೂ ಹಿಡಿದಿಲ್ಲ, ಎಲ್ಲೂ ಅಂಟಿಲ್ಲ, ಬಳೆ ಸುಮ್ಮನೆ ನಿಂತಿತ್ತು. ಅದು ಬಳೆಯಲ್ಲ, ಕೋಟಿ ಕೋಟಿ ಮಂಜಿನ ತುಣುಕುಗಳು ಶನಿಯ ಕಡೆ ಬೀಳುತ್ತಲೇ, ಬೀಳದೆ ಸುತ್ತುತ್ತಿವೆ ಎಂದು ಮೇಡಂ ಹಿಂದಿನಿಂದ ಹೇಳುತ್ತಿದ್ದರು. ಒಳಗಿನವು ಬೇಗ, ಹೊರಗಿನವು ನಿಧಾನ. ಈ ಬೆಳಕು ಅಲ್ಲಿಂದ ಹೊರಟು ಒಂದು ತಾಸಿನ ಮೇಲಾಗಿದೆ, ನಾವು ನೀರು ಹೊರುವಾಗಲೇ ಅದು ದಾರಿಯಲ್ಲಿತ್ತು ಎಂದರು. ಕರಿ ಗೆರೆ ಮಾತ್ರ ನನಗೆ ಕಾಣಲಿಲ್ಲ. ಅಪ್ಪನಿಗೂ ಕಾಣಲಿಲ್ಲ. ಆದರೆ ಬಳೆ ನೋಡಿದ ಅಪ್ಪನ ಮುಖ ನೋಡಬೇಕಿತ್ತು. "ನಮ್ಮ ಕೈಯಾಗಿನ ಗಾಜು," ಅಂದ. ಮತ್ತೆ ಮತ್ತೆ ಅದನ್ನೇ ಅಂದ. ಬೌದ್ಧರ ಮನೆಯೆಂದು ಅವರಲ್ಲಿ ನೀರನ್ನೂ ಮುಟ್ಟದ ಆಯಿಯನ್ನು ಮೇಡಂ ತಾವೇ ಕೈಹಿಡಿದು ಮೆಟ್ಟಿಲು ಹತ್ತಿಸಿದರು. ಅವಳು ಬಿಡದೆ ನೋಡಿ, "ಇಷ್ಟು ಸಣ್ಣಾಂವ, ಇಷ್ಟು ಚೆಂದ ಅದಾನ. ಇವಂಗ್ಯಾಕ ಹೆದರಿದೆವೋ," ಅಂದಳು. ಆ ಸಂಜೆ ಮೇಡಂ ಮಾಡಿದ ಡಾಂಬರು ಚಹಾವನ್ನು ಆಯಿಯೂ ಕುಡಿದಳು.

"ಗೆರಿ ಕಾಣ್ತೇನ್ರಿ ಮೇಡಂ?" ಎಂದು ಅಪ್ಪ ಕೇಳಿದ. ಅವರು "ಕಾಣ್ತು ಅಣ್ಣಾರ" ಅಂದರು.

ಬೇಸಿಗೆಯಲ್ಲಿ ಆರ್ಡರ್ ಬಂತು, ನಾರಾಯಣಖೇಡಕ್ಕೆ. ತಮ್ಮ ಊರ ಕಡೆಗೇ ಹೋಗುತ್ತಿದ್ದಾರೆಂದು ಎಲ್ಲರೂ ಖುಷಿಪಟ್ಟರು, ನಾನೊಬ್ಬಳು ಮುಖ ಗಂಟು ಹಾಕಿಕೊಂಡಿದ್ದೆ. ದುರ್ಬೀನನ್ನು ಟೆಂಪೋದಲ್ಲಿ ಹಾಸಿಗೆಗಳ ನಡುವೆ ಮಲಗಿಸಿ ಒಯ್ದರು. ಕೆಲವು ವರ್ಷಗಳ ನಂತರ ನನಗೆ ಜಹೀರಾಬಾದಿನ ಕರೆಂಟ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ನಾರಾಯಣಖೇಡ ದೂರವಲ್ಲ. ಒಂದು ಭಾನುವಾರ ಹೋದೆ. ಅಂಗಳದಲ್ಲಿ ಕಾಲೇಜಿನ ಹುಡುಗಿಯರು ಸಾಲು ನಿಂತು ಚಂದ್ರನ ಗುಂಡಿಗಳನ್ನು ನೋಡುತ್ತಿದ್ದರು. ಕನ್ನಡಿಯ ಸುತ್ತ ಅದೇ ಕರಿ ಕಾಗದ.

ಎಲ್ಲರೂ ಹೋದ ಮೇಲೆ ಕೇಳಿದೆ, ಆ ಸಂಜೆ ಗೆರೆ ನಿಜವಾಗಿ ಕಂಡಿತ್ತೇ ಎಂದು. ಮೇಡಂ ನಕ್ಕರು. "ಅವತ್ತ ಇಲ್ಲ," ಅಂದರು. ಮುಂದಿನ ಚಳಿಗಾಲದಲ್ಲಿ, ಇಲ್ಲಿಯ ಕರಿಮಣ್ಣಿನ ಹೊಲದ ಬದಿಯಲ್ಲಿ, ಗಾಳಿ ಪೂರಾ ನಿಂತ ಒಂದು ಸಂಜೆ, ಉಸಿರು ಬಿಡುವಷ್ಟು ಹೊತ್ತು ಕಂಡಿತಂತೆ. ಮತ್ತೆ ಕಲಸಿಹೋಯಿತಂತೆ. "ಸುಣ್ಣದಕಡ್ಡಿ ಎತ್ತಿ ಜಾಗಾ ಬಿಡ್ತಿದ್ನಲ್ಲ, ಅಲ್ಲೇ ಇತ್ತು ನೋಡು," ಎಂದು ಗಾಳಿಯಲ್ಲೇ ಬೆರಳಿನಿಂದ ಬರೆದು ತೋರಿಸಿದರು. ಅದನ್ನು ಅವರು ಕಾಣದೆ ಹೋಗಲಿಲ್ಲ ಎನ್ನುವುದೇ ನನಗೆ ಇಂದಿಗೂ ಸಮಾಧಾನ.

ಮತ್ತೆ ಉಜ್ಜಿ ಇನ್ನಷ್ಟು ಚೆನ್ನಾಗಿ ಮಾಡಬಹುದಲ್ಲ, ಈಗ ಸಮಯವಿದೆಯಲ್ಲ ಎಂದೆ. "ಬ್ಯಾಡ ಬಿಡು. ಇದಕ್ಕ ನಿಮ್ಮಪ್ಪನ ಕೈ ಹತ್ತ್ಯದ," ಅಂದರು. ನಾನು ಅದನ್ನು ಪ್ರೀತಿಯ ಮಾತೆಂದುಕೊಂಡೆ. ಪ್ರೀತಿಯ ಮಾತೇ ಅದು, ಆದರೆ ನಾನು ತಿಳಿದಷ್ಟೇ ಆಗಿರಲಿಲ್ಲ. ಹೊರಡುವಾಗ ಇನ್ನೊಂದು ಹೇಳಿದ್ದರು. ಹದಿನಾಲ್ಕು ಹದಿನೈದು ವರ್ಷಗಳಿಗೊಮ್ಮೆ ಶನಿಯ ಬಳೆ ತನ್ನ ಅಂಚನ್ನು ನಮ್ಮ ಕಡೆ ತಿರುಗಿಸಿ ನಿಲ್ಲುತ್ತದಂತೆ, ಆಗ ಬಳೆಯೇ ಇಲ್ಲದಂತೆ ಕಾಣುತ್ತದಂತೆ. "ಹೋಗಿರಂಗಿಲ್ಲ. ಇದ್ದಲ್ಲೇ ಇರ್ತದ. ನಮಗ ಕಾಣಂಗಿಲ್ಲ, ಅಷ್ಟ."

ಹೋದ ವರ್ಷ ಮೇಡಂ ತೀರಿಕೊಂಡರು. ನನಗೆ ಸುದ್ದಿ ತಲುಪುವಾಗ ಮಣ್ಣು ಆಗಿಹೋಗಿತ್ತು. ಆಮೇಲೆ ಅವರ ತಂಗಿ ಒಂದು ದಿನ ಬಂದು ದುರ್ಬೀನನ್ನು ನಮ್ಮ ಮನೆಯಲ್ಲಿ ಇಳಿಸಿ, "ಇದು ನಿಮಗ ಮುಟ್ಟಬೇಕಂತ ಅಕ್ಕಾ ಹೇಳಿದ್ಲರಿ" ಎಂದು ಕಣ್ಣೊರೆಸಿಕೊಂಡು ಹೋದರು. ನಾನದನ್ನು ಮುಟ್ಟಿರಲಿಲ್ಲ. ಮೂಲೆಯಲ್ಲಿ ಚಾದರ ಹೊದ್ದು ನಿಂತಿತ್ತು. ಅಕ್ಕಸಾಲಿಗರ ಅಂಗಡಿಯಿಂದ ಬಂದ ಆ ಸಂಜೆಯೇ ಚಾದರ ತೆಗೆದೆ.

ಕನ್ನಡಿಯ ಧೂಳು ಒರೆಸಲು ಹೋದರೆ ಅಂಟು ಒಣಗಿದ್ದ ಕರಿ ಕಾಗದ ಕಳಚಿ ಕೈಗೆ ಬಂತು. ಸರಿ, ಇಷ್ಟು ವರ್ಷದ ಪ್ರಶ್ನೆ, ಕಾಗದ ಇಲ್ಲದೆ ನೋಡಿಯೇ ಬಿಡೋಣ ಎಂದು ದುರ್ಬೀನನ್ನು ಒಂದು ನಕ್ಷತ್ರಕ್ಕೆ ತಿರುಗಿಸಿದೆ. ಬೆಳಕೇನೋ ಹೆಚ್ಚಿತ್ತು. ಆದರೆ ನಕ್ಷತ್ರ ಚುಕ್ಕೆಯಾಗಿರಲಿಲ್ಲ, ಹತ್ತಿಯಂತೆ ಕೆದರಿಕೊಂಡಿತ್ತು. ಕಾಗದ ಇಟ್ಟೆ, ಸೂಜಿಮೊನೆಯಂಥ ಚುಕ್ಕೆ. ತೆಗೆದೆ, ಹತ್ತಿ. ನನಗೆ ತಡೆಯಲಾಗಲಿಲ್ಲ. ಕನ್ನಡಿಯನ್ನು ಬಿಚ್ಚಿ ಒಳಗೆ ತಂದು, ಮೊಬೈಲ್ ಟಾರ್ಚಿನ ಮೇಲೆ ತೂತು ಮಾಡಿದ ಹಾಳೆ ಇಟ್ಟು, ಬ್ಲೇಡು ಹಿಡಿದು, ಪಡಸಾಲೆಯ ಉದ್ದಕ್ಕೂ ಅವರ ಪರೀಕ್ಷೆ ಮಾಡಿದೆ.

ಕನ್ನಡಿಯ ನಡುಭಾಗವೆಲ್ಲ ಒಂದೇ ಸಮ ಬೂದಿಯಾಗಿ ಕಂತಿತು, ಅಂದು ನಾವು ಮಾಡಿಟ್ಟ ಹಾಗೆಯೇ. ಸುತ್ತಲೂ ಅಂಚು ಮಾತ್ರ ಕೆಳಗೆ ಬಾಗಿ, ಬೇರೆಯೇ ಬೆಳಕಿನಲ್ಲಿ ಉರಿಯುತ್ತಿತ್ತು. ಕಾಗದದ ಅಗಲ ಎಷ್ಟೋ ಅಷ್ಟೇ. ನಮದಾ ಗಾಲಿಯ ಅಗಲ, ಹೆಬ್ಬೆರಳಿನ ಅಗಲ. ಅಪ್ಪ ನನ್ನ ಕೈಗಾಗಿ ದುಂಡು ಮಾಡ ಹೋಗಿ ಕನ್ನಡಿಯ ಅರ್ಧ ಬೆಳಕನ್ನು ಚೆಲ್ಲಿದ್ದ. ಬಾಗಿಲು ಹಾಕಿಕೊಂಡ ಆ ಸಂಜೆ ಮೇಡಂ ಕಂಡದ್ದು ಇದನ್ನೇ. ಮತ್ತೆ ಉಜ್ಜಬೇಕಾದರೆ ಯಾಕೆಂದು ಅಪ್ಪನಿಗೆ ಹೇಳಬೇಕಿತ್ತು. ಹೇಳಲಿಲ್ಲ. ತಾವು ಅಷ್ಟು ಆಸೆಪಟ್ಟ ಗೆರೆಯನ್ನೇ ಪಣಕ್ಕಿಟ್ಟು ಒಂದು ಕರಿ ಕಾಗದ ಕತ್ತರಿಸಿದರು. ನಾರಾಯಣಖೇಡದಲ್ಲಿ ಯಾರೂ ನೋಡುವವರಿಲ್ಲದಾಗಲೂ ಸರಿಪಡಿಸಲಿಲ್ಲ. ನಾನು ಬ್ಲೇಡು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಅವರನ್ನು ಇನ್ನೊಂದೇ ಒಂದು ಪ್ರಶ್ನೆ ಕೇಳಬೇಕಿತ್ತು, ಕೇಳಲು ಅವರಿಲ್ಲ...

ಅಪ್ಪ ಈಗ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮಲ್ಲೇ ಇದ್ದಾನೆ. ಹೊಸ ಕಣ್ಣಿನ ಹುರುಪು, ಎಲ್ಲವನ್ನೂ ನೋಡಬೇಕು. ಮರುದಿನ ಸಂಜೆ ಮಾಳಿಗೆಯ ಮೇಲೆ ನಾನು ಕನ್ನಡಿಯನ್ನು ಪೆಟ್ಟಿಗೆಗೆ ಕೂರಿಸುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತ. ಕೈ ಚಾಚಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಸುತ್ತಲೂ ಒಂದು ಸುತ್ತು.

"ನೋಡು, ಎಷ್ಟು ನುಣ್ಣಗದ. ಇದು ನಾ ಮಾಡಿದ ಅಂಚು. ಮೇಡಂ ಭಾಳ ಚೊಲೊ ಆಗ್ಯದ ಅಂದಿದ್ರು."

"ಹೌದಪ್ಪಾ," ಅಂದೆ.

ಶನಿ ಆಗ್ನೇಯಕ್ಕೆ ಏರಿದ್ದ. ಈ ವರ್ಷ ಅವನ ಬಳೆ, ಮೇಡಂ ಹೇಳಿದ್ದಂತೆ, ನಮ್ಮ ಕಡೆ ಅಂಚು ಮಾಡಿಕೊಂಡು ಸೂಜಿಯಷ್ಟು ತೆಳ್ಳಗಾಗಿದೆ. ನಾನು ಹೊಸ ಅಂಟು ಹಚ್ಚಿ ಹಳೆಯ ಕಾಗದವನ್ನು ಕನ್ನಡಿಯ ಸುತ್ತ ಒತ್ತತೊಡಗಿದೆ. ಅಪ್ಪ ಬಗ್ಗಿ ನೋಡಿದ.

"ಈ ಕರಿ ಕಾಗದ ಎದಕ್ಕವ್ವ?"

"ಎಲ್ಲಾ ದುರ್ಬೀನಿಗೂ ಇರ್ತದಪ್ಪಾ."